ಅಹಕಿಸ್ಟ: ಅಟ್ಲಾಂಟಿಕ್ ದಡದ ಒಂದು ಹಳ್ಳಿ

ಐರ್ಲೆಂಡಿನ ಭೂಪಟದಲ್ಲಿ ನೈಋತ್ಯ ಮೂಲೆಯನ್ನು ನೋಡಿದರೆ, ಅಗಲಿಸಿಟ್ಟ ಕೈಬೆರಳುಗಳಂತೆ ನೆಲವು ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡಿರುವುದು ಕಾಣುತ್ತದೆ. ಬೆರಳುಗಳ ನಡುವಣ ಸಂದುಗಳೇ ಅಲ್ಲಿನ ಕೊಲ್ಲಿಗಳು. ಈ ಬೆರಳುಗಳಲ್ಲಿ ತೀರ ಕಿರಿದಾದ ಒಂದಕ್ಕೆ ಷೀಪ್ಸ್ ಹೆಡ್, ಎಂದರೆ ‘ಕುರಿಯ ತಲೆ’, ಎಂದು ಹೆಸರು. ಅದರ ಉತ್ತರಕ್ಕೆ ಬ್ಯಾಂಟ್ರಿ ಕೊಲ್ಲಿ, ದಕ್ಷಿಣಕ್ಕೆ ಡನ್ಮಾನಸ್ ಕೊಲ್ಲಿ. ಈ ದಕ್ಷಿಣದ ದಡದಲ್ಲಿ, ಕೈಬೆರಳೆಣಿಕೆಯ ಮನೆಗಳು, ಒಂದು ಸಣ್ಣ ದೋಣಿಕಟ್ಟೆ, ಒಂದೆರಡು ಮದ್ಯದಂಗಡಿಗಳು ಇರುವ ಹಳ್ಳಿಯೇ ಅಹಕಿಸ್ಟ. ಐರಿಷ್ ಭಾಷೆಯಲ್ಲಿ ಇದರ ಹೆಸರಿಗೆ ‘ನಿಧಿಯ ಹಾಯ್ಗಡ’ ಎಂಬರ್ಥವಿದೆ. ಭಾರತದಿಂದ ಇಷ್ಟು ದೂರವಿರುವ ಈ ಊರಿಗೆ ನಮ್ಮ ದೇಶದ ಮಂತ್ರಿಗಳೂ ರಾಯಭಾರಿಗಳೂ ಏಕೆ ಹೋಗುತ್ತಾರೆ? ಆ ಕಾರಣವನ್ನು ತಿಳಿಯುವುದಕ್ಕೆ ಮೊದಲು ಊರಿನ ಸುತ್ತಮುತ್ತಣ ಪ್ರದೇಶವನ್ನು ಸ್ವಲ್ಪ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು.

ಕಾರ್ಕ್ ನಗರದಿಂದ ಪಶ್ಚಿಮಕ್ಕೆ ಹೊರಟರೆ ಸುಮಾರು 90 ಕಿಲೊಮೀಟರ್ ದೂರದಲ್ಲಿ ಬ್ಯಾಂಟ್ರಿ ಪಟ್ಟಣ ಸಿಕ್ಕುತ್ತದೆ. ಅಲ್ಲಿಂದ ಡರಸ್ ಎಂಬ ಹಳ್ಳಿಯನ್ನು ಹಾಯ್ದು, ಕಡಲನ್ನು ಎಡಗಡೆಗೆ ಇಟ್ಟುಕೊಂಡು ಕಿರಿದಾದ ದಾರಿಯಲ್ಲಿ ಸಾಗಿದರೆ ಅಹಕಿಸ್ಟ. ಇನ್ನೂ ಮುಂದಕ್ಕೆ ಹೋದರೆ ಕಿಲ್‌ಕ್ರೊಹೇನ್ ಎಂಬ ಮತ್ತೊಂದು ಹಳ್ಳಿ. ಅದರಾಚೆಗೆ ಭೂಮಿಯ ತುದಿ. ಆ ತುದಿಯ ಬಂಡೆಯ ಮೇಲೆ 1968ರಲ್ಲಿ ಒಂದು ದೀಪಸ್ತಂಭವನ್ನು ಕಟ್ಟಿದರು. ಬ್ಯಾಂಟ್ರಿ ಕೊಲ್ಲಿಯ ವಿಡ್ಡಿ ದ್ವೀಪಕ್ಕೆ ಎಣ್ಣೆ ತರುವ ಭಾರಿ ಹಡಗುಗಳಿಗೆ ದಾರಿ ತೋರುವುದಕ್ಕಾಗಿ ಅದು ಎದ್ದುನಿಂತಿತು.

ಈ ಪ್ರದೇಶವು ಉತ್ತರಕ್ಕೆ ಬಹಳ ದೂರದಲ್ಲಿದ್ದರೂ ಇಲ್ಲಿನ ಚಳಿ ಅಷ್ಟು ಕಠಿಣವಲ್ಲ. ಸಾಗರದಾಚೆಯ ನ್ಯೂಫೌಂಡ್‌ಲೆಂಡಿನಲ್ಲಿ ಹಿಮ ರಾಶಿಬಿದ್ದಿರುವಾಗ, ಅದಕ್ಕಿಂತ ಉತ್ತರದಲ್ಲಿರುವ ಈ ದಡದಲ್ಲಿ ಹುಲ್ಲು ಹಸುರಾಗಿಯೇ ಇರುತ್ತದೆ. ಮೆಕ್ಸಿಕೊ ಕೊಲ್ಲಿಯ ಕಡೆಯಿಂದ ಹರಿದು ಬರುವ ಬೆಚ್ಚನೆಯ ನೀರಿನ ಪ್ರವಾಹ, ಅದರ ಮೇಲಿಂದ ಬೀಸುವ ಪಶ್ಚಿಮದ ಗಾಳಿ, ಇವೆರಡೂ ಇದಕ್ಕೆ ಕಾರಣ. ಅದೇ ಗಾಳಿ ಮಳೆಯನ್ನೂ ತರುತ್ತದೆ. ಆದುದರಿಂದ ಬೇಸಗೆಯಲ್ಲಿ ಹೋಗುವವರೂ ಮಳೆಯಂಗಿಯನ್ನು ಮರೆಯಬಾರದು. ಜೂನ್ ತಿಂಗಳಿನಲ್ಲಿ ರಾತ್ರಿ ಹತ್ತರ ಸುಮಾರಿಗೂ ಬೆಳಕು ಉಳಿದಿರುತ್ತದೆ. ಬೇಲಿಗಳಲ್ಲಿ ಫ್ಯೂಷಿಯ ಗಿಡದ ಕೆಂಪು ಹೂಗಳು ಜುಮುಕಿಗಳಂತೆ ತೂಗಾಡುತ್ತವೆ.

ನಡೆಯಬಲ್ಲವರಿಗೆ ಈ ಪ್ರದೇಶ ಒಂದು ಹಬ್ಬ. ಇಡೀ ಭೂಶಿರವನ್ನು ಸುತ್ತುವ ಕಾಲುದಾರಿಯೊಂದನ್ನು 1990ರ ದಶಕದಲ್ಲಿ ಗುರುತುಹಾಕಿದರು. ಅದು ಗುಡ್ಡವೇರಿ, ಜವುಗು ದಾಟಿ, ಸುಮಾರು 90 ಕಿಲೊಮೀಟರ್ ಸಾಗುತ್ತದೆ. ದಾರಿಯ ಹೆಚ್ಚಿನ ಭಾಗ ರೈತರ ಸ್ವಂತ ಹೊಲಗಳ ನಡುವೆ ಹಾದುಹೋಗುತ್ತದೆ. ಅವರ ಒಪ್ಪಿಗೆಯೇ ಅದಕ್ಕೆ ಆಧಾರ. ತೆರೆದ ಬೇಲಿಯ ಬಾಗಿಲನ್ನು ಮತ್ತೆ ಮುಚ್ಚಿ ಹೋಗುವುದು ಅಲ್ಲಿ ನಡೆಯುವವನ ಮೊದಲ ಧರ್ಮ. ಅಹಕಿಸ್ಟದ ಹತ್ತಿರ ಇತಿಹಾಸಪೂರ್ವ ಕಾಲದ ಕಲ್ಲಿನ ವರ್ತುಲವಿದೆ. ಕಿಲ್‌ಕ್ರೊಹೇನ್ ಬಳಿ ಓ ಡಾಲಿ ಮನೆತನದ ಕವಿಗಳು ಹಿಂದಿನ ಕಾಲದಲ್ಲಿ ಕಾವ್ಯವಿದ್ಯೆ ಕಲಿಸುತ್ತಿದ್ದ ಪಾಠಶಾಲೆಯ ಪಾಳುಗೋಡೆಯನ್ನು ಇಂದಿಗೂ ತೋರಿಸುತ್ತಾರೆ.

ಆದರೆ ಇಲ್ಲಿನ ಜೀವನವನ್ನು ರೂಪಿಸಿದ್ದು ನೆಲಕ್ಕಿಂತ ಹೆಚ್ಚಾಗಿ ಕಡಲು. ಕಡಲು ಅನ್ನವನ್ನೂ ಕೊಟ್ಟಿತು, ಜೀವವನ್ನೂ ಕೇಳಿತು. 1796ರ ಡಿಸೆಂಬರಿನಲ್ಲಿ ವುಲ್ಫ್ ಟೋನ್ ಎಂಬ ಐರಿಷ್ ದೇಶಭಕ್ತನೊಡನೆ ಫ್ರಾನ್ಸಿನ ನೌಕಾಪಡೆ ಬ್ಯಾಂಟ್ರಿ ಕೊಲ್ಲಿಗೆ ಬಂದಿತು. ಇಂಗ್ಲಿಷರನ್ನು ಓಡಿಸಬೇಕೆಂಬ ಅವರ ಸಂಕಲ್ಪವನ್ನು ಇಂಗ್ಲಿಷರ ಫಿರಂಗಿಗಳು ಮುರಿಯಲಿಲ್ಲ, ಬಿರುಗಾಳಿ ಮುರಿಯಿತು. ಸೈನ್ಯ ದಡಕ್ಕೆ ಇಳಿಯಲಾಗದೆ ಹಿಂದಿರುಗಿತು. 1979ರ ಜನವರಿ 8ರಂದು ವಿಡ್ಡಿ ದ್ವೀಪದ ಕಟ್ಟೆಯಲ್ಲಿ ಬೆಟೆಲ್‌ಜೂಸ್ ಎಂಬ ಫ್ರೆಂಚ್ ಎಣ್ಣೆಹಡಗು ಸಿಡಿದು ಐವತ್ತು ಜನ ಸತ್ತರು. ಅದೇ ವರ್ಷದ ಆಗಸ್ಟಿನಲ್ಲಿ, ಕಿಲ್‌ಕ್ರೊಹೇನ್ ಸಮೀಪದಲ್ಲಿ ಮನೆಮಾಡಿಕೊಂಡಿದ್ದ ಕಾದಂಬರಿಕಾರ ಜೆ. ಜಿ. ಫ್ಯಾರೆಲ್, ಬಂಡೆಯ ಮೇಲೆ ನಿಂತು ಮೀನು ಹಿಡಿಯುತ್ತಿದ್ದಾಗ ಅಲೆಗಳ ಪಾಲಾದ. ನಮ್ಮ 1857ರ ದಂಗೆಯನ್ನು ವಸ್ತುವಾಗಿಸಿಕೊಂಡು ‘ದಿ ಸೀಜ್ ಆಫ್ ಕೃಷ್ಣಾಪುರ್’ ಬರೆದು 1973ರಲ್ಲಿ ಬುಕರ್ ಬಹುಮಾನ ಪಡೆದವನು ಇವನೇ. ಅವನ ಸಮಾಧಿ ಡರಸ್ ಹಳ್ಳಿಯಲ್ಲಿದೆ.

ಕಡಲಿಗೆ ಹೋದವರು ಮರಳಿ ಬಾರದಿರುವುದು ಎಂದರೇನೆಂಬುದು ಇಂಥ ಊರಿನವರಿಗೆ ಗೊತ್ತು. ಮುಂದೆ ನಡೆದುದನ್ನು ಅರ್ಥ ಮಾಡಿಕೊಳ್ಳಲು ಈ ಮಾತು ನೆನಪಿನಲ್ಲಿರಬೇಕು.

1985ರ ಜೂನ್ 23, ಭಾನುವಾರ. ಕೆನಡದ ಮಾಂಟ್ರಿಯಲ್‌ನಿಂದ ಲಂಡನ್ ಮಾರ್ಗವಾಗಿ ದೆಹಲಿ, ಮುಂಬಯಿಗಳಿಗೆ ಹೊರಟಿದ್ದ ಏರ್ ಇಂಡಿಯಾದ 182ನೆಯ ಯಾನದ ವಿಮಾನ, ‘ಸಾಮ್ರಾಟ್ ಕನಿಷ್ಕ’, 31,000 ಅಡಿ ಎತ್ತರದಲ್ಲಿ ಐರ್ಲೆಂಡನ್ನು ಸಮೀಪಿಸುತ್ತಿತ್ತು. ಐರ್ಲೆಂಡಿನ ಗಡಿಯಾರದಲ್ಲಿ ಬೆಳಗಿನ 8 ಗಂಟೆ 14 ನಿಮಿಷ. ಷ್ಯಾನನ್ ನಿಯಂತ್ರಣ ಕೇಂದ್ರದ ರೇಡಾರ್ ತೆರೆಯಿಂದ ಅದರ ಗುರುತು ಇದ್ದಕ್ಕಿದ್ದಂತೆ ಮಾಯವಾಯಿತು. ಅಪಾಯದ ಕರೆ ಕೊಡುವುದಕ್ಕೂ ಚಾಲಕರಿಗೆ ಅವಕಾಶವಿರಲಿಲ್ಲ. ಸಾಮಾನಿನ ಕೋಣೆಯಲ್ಲಿದ್ದ ಪೆಟ್ಟಿಗೆಯೊಂದರಲ್ಲಿ ಬಾಂಬ್ ಸಿಡಿದಿತ್ತು. ವೆಲೆನ್ಶಿಯ ಕರಾವಳಿ ರೇಡಿಯೋ ಕೇಂದ್ರವು ಸುತ್ತಲ ಹಡಗುಗಳಿಗೆ ಸುದ್ದಿ ಬಿತ್ತರಿಸಿತು. ಅದನ್ನು ಕೇಳಿ ದಿಕ್ಕು ಬದಲಿಸಿದ ಲಾರೆನ್ಶಿಯನ್ ಫಾರೆಸ್ಟ್ ಎಂಬ ಸರಕುಹಡಗಿಗೆ, ಸುಮಾರು ಎರಡು ಗಂಟೆಗಳ ಮೇಲೆ, ನೀರಿನಲ್ಲಿ ತೇಲುವ ಅವಶೇಷಗಳು ಕಂಡುವು.

ವಿಮಾನದಲ್ಲಿದ್ದ 329 ಮಂದಿಯಲ್ಲಿ ಒಬ್ಬರೂ ಬದುಕಲಿಲ್ಲ. ಅವರಲ್ಲಿ ಹೆಚ್ಚಿನವರು ಭಾರತ ಮೂಲದ ಕೆನಡ ಪ್ರಜೆಗಳು. ಶಾಲೆಯ ರಜೆಯಲ್ಲಿ ಅಜ್ಜ ಅಜ್ಜಿಯರನ್ನು ನೋಡಲು ಹೊರಟಿದ್ದ ಸಂಸಾರಗಳು ಬಹಳ. ಸತ್ತವರಲ್ಲಿ ಎಂಬತ್ತಕ್ಕೂ ಹೆಚ್ಚು ಮಕ್ಕಳಿದ್ದರು. ಐರಿಷ್ ನೌಕಾಪಡೆಯ ‘ಆಷ್ಲಿಂಗ್’ ನೌಕೆಯವರೂ, ಹೆಲಿಕಾಪ್ಟರುಗಳವರೂ, ಸರಕುಹಡಗಿನ ನಾವಿಕರೂ ಸೇರಿ 131 ದೇಹಗಳನ್ನು ಮೇಲೆತ್ತಿ ಕಾರ್ಕ್‌ನ ಆಸ್ಪತ್ರೆಗೆ ತಲಪಿಸಿದರು. ಉಳಿದವರಿಗೆ ಕಡಲೇ ಸಮಾಧಿಯಾಯಿತು. ಇದು ಖಾಲಿಸ್ತಾನದ ಹೆಸರಿನಲ್ಲಿ ಕೆನಡದ ಉಗ್ರಗಾಮಿಗಳು ಹೂಡಿದ ಸಂಚು. ಇಷ್ಟು ದೊಡ್ಡ ಪಾತಕಕ್ಕಾಗಿ ನ್ಯಾಯಾಲಯದಲ್ಲಿ ಶಿಕ್ಷೆಯಾದುದು ಒಬ್ಬನೇ ಒಬ್ಬನಿಗೆ. 2005ರಲ್ಲಿ ಇನ್ನಿಬ್ಬರು ಖುಲಾಸೆಯಾದರು.

ದುರಂತ ನಡೆದುದು ದಡದಿಂದ ಸುಮಾರು 190 ಕಿಲೊಮೀಟರ್ ದೂರದ ನಡುಗಡಲಿನಲ್ಲಿ. ಅಲ್ಲಿ ಕಲ್ಲು ನೆಡುವುದಕ್ಕೆ ನೆಲವಿಲ್ಲ, ಹೂವಿಡುವುದಕ್ಕೆ ಗುರುತಿಲ್ಲ. ದೇಹವೂ ದೊರೆಯದೆ, ಸ್ಥಳವೂ ಕಾಣದೆ ಇದ್ದರೆ ಉಳಿದವರ ದುಃಖಕ್ಕೆ ನಿಲ್ಲಲು ಒಂದು ತಾವಿಲ್ಲದಂತಾಗುತ್ತದೆ. ನಮ್ಮಲ್ಲಿ ಎಳ್ಳುನೀರು ಬಿಡಲು ನದೀತೀರಕ್ಕೆ ಹೋಗುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾರ್ಕ್‌ಗೆ ಧಾವಿಸಿ ಬಂದ ಬಂಧುಗಳನ್ನು ಅಲ್ಲಿನ ಜನ ತಮ್ಮ ನೆಂಟರೋ ಎಂಬಂತೆ ನೋಡಿಕೊಂಡರು. ಸಾಗರಕ್ಕೆ ಮುಖಮಾಡಿದ ಅಹಕಿಸ್ಟದಲ್ಲಿ ಅವರಿಗಾಗಿ ಒಂದು ತಾವು ಸಿದ್ಧವಾಯಿತು. ಒಂದು ವರ್ಷ ತುಂಬಿದ 1986ರ ಜೂನ್ 23ರಂದು ಸ್ಮಾರಕದ ಅನಾವರಣವಾಯಿತು.

ಸ್ಮಾರಕದಲ್ಲಿ ಆಡಂಬರವಿಲ್ಲ. ದಡದ ಅಂಚಿನಲ್ಲಿ ಒಂದು ಸಣ್ಣ ತೋಟ. ನಡುವೆ ಶಿಲ್ಪಿ ಕೆನ್ ಥಾಂಪ್ಸನ್ ಕಡೆದ ಕಲ್ಲಿನ ನೆರಳುಗಡಿಯಾರ. ಸತ್ತವರ ಹೆಸರುಗಳನ್ನು ಕೊರೆದ ಕಲ್ಲಿನ ಗೋಡೆ. ಗೋಡೆಯ ಮುಂದೆ ನಿಂತರೆ ಒಂದೇ ಮನೆತನದ ಹೆಸರು ಸಾಲಾಗಿ ಎರಡು, ಮೂರು, ನಾಲ್ಕು ಬಾರಿ ಬರುವುದು ಕಾಣುತ್ತದೆ. 329 ಎಂಬ ಸಂಖ್ಯೆಗಿಂತ ಆ ಸಾಲುಗಳೇ ಹೆಚ್ಚು ಹೇಳುತ್ತವೆ.

ಪ್ರತಿವರ್ಷ ಜೂನ್ 23ರ ಬೆಳಗ್ಗೆ, ವಿಮಾನ ಮಾಯವಾದ ಹೊತ್ತಿಗೆ ಸರಿಯಾಗಿ, ಊರಿನವರೂ ದೂರದಿಂದ ಬಂದ ಬಂಧುಗಳೂ ಅಲ್ಲಿ ಮೌನವಾಗಿ ನಿಲ್ಲುತ್ತಾರೆ. ದುರಂತ ನಡೆದಾಗ ಹುಟ್ಟಿಯೇ ಇರದಿದ್ದ ಶಾಲೆಯ ಮಕ್ಕಳು ಹಾಡುತ್ತಾರೆ. ನಲವತ್ತು ವರ್ಷ ತುಂಬಿದ 2025ರಲ್ಲಿ ಐರ್ಲೆಂಡಿನ ಪ್ರಧಾನಿ ಮೀಹಾಲ್ ಮಾರ್ಟಿನ್ ಅವರೂ, ಭಾರತದ ಸಚಿವ ಹರ್‌ದೀಪ್ ಸಿಂಗ್ ಪುರಿ ಅವರೂ, ಕೆನಡದ ಸಚಿವರೊಬ್ಬರೂ ಅಲ್ಲಿ ಹಾಜರಿದ್ದರು. ಆದರೆ ಮಂತ್ರಿಗಳು ಬಾರದ ವರ್ಷಗಳಲ್ಲಿಯೂ ಸ್ಮರಣೆ ನಿಂತಿಲ್ಲ. ಕೆನಡದ ಸರ್ಕಾರವೇ ಆ ಸಂಸಾರಗಳ ನೋವನ್ನು ತನ್ನದೆಂದು ಒಪ್ಪಿಕೊಳ್ಳಲು ಬಹುಕಾಲ ತೆಗೆದುಕೊಂಡಿತು. ಅದು ವಿಧಿವತ್ತಾಗಿ ಕ್ಷಮೆ ಕೇಳಿದ್ದು 2010ರಲ್ಲಿ. ಈ ಹಳ್ಳಿ ಅಷ್ಟು ಕಾಯಲಿಲ್ಲ.

ಐರ್ಲೆಂಡಿಗೆ ಹೋಗುವ ನಮ್ಮವರು ಈಗ ಅನೇಕರು; ಓದಿಗೆ, ಉದ್ಯೋಗಕ್ಕೆ, ಮಕ್ಕಳ ಮನೆಗೆ. ಅವರಲ್ಲಿ ಯಾರಾದರೂ ಒಂದು ದಿನ ಬಿಡುವು ಮಾಡಿಕೊಂಡು ಇಲ್ಲಿಗೆ ಹೋಗಬಹುದು. ಬಸ್ಸುಗಳು ವಿರಳವಾದುದರಿಂದ ಕಾರಿನಲ್ಲಿ ಹೋಗುವುದು ಅನುಕೂಲ. ಬೆಳಗ್ಗೆ ಭೂಶಿರದ ತುದಿಗೆ ನಡೆದು ದೀಪಸ್ತಂಭವನ್ನು ನೋಡಿ, ಮಧ್ಯಾಹ್ನ ಹಿಂದಿರುಗುವಾಗ ಸ್ಮಾರಕದಲ್ಲಿ ಇಳಿಯಬೇಕು. ಅಲ್ಲಿ ಹೇಳಿಕೊಡುವವರು ಯಾರೂ ಇರಲಿಕ್ಕಿಲ್ಲ. ಗೋಡೆಯ ಮೇಲಿನ ಹೆಸರುಗಳನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ನಿಧಾನವಾಗಿ ಓದಿದರೆ ಸಾಕು.