ನಲವತ್ತು ನಿಮಿಷಕ್ಕೆ 380 ಮಂದಿ

ಮಧ್ಯಯುಗದ ಪ್ಲೇಗಿನ ಪಾಠವನ್ನು ನರಿಕೊಂಬಿನ ಮಕ್ಕಳಿಗೆ ಹೇಳುವುದಾದರೆ ಇಸವಿಗಳು ಸ್ವಲ್ಪ ಕಾಯಲಿ, ಮೊದಲು ಆರೋಪಿಯ ಅಳತೆ ತೆಗೆಯೋಣ. ಯೆರ್ಸಿನಿಯಾ ಪೆಸ್ಟಿಸ್ ಎಂಬ ಬ್ಯಾಕ್ಟೀರಿಯಾದ ಉದ್ದ ಸುಮಾರು ಒಂದೂವರೆ ಮೈಕ್ರೋಮೀಟರ್. ಒಂದು ಮಿಲಿಮೀಟರ್ ಜಾಗದಲ್ಲಿ 650 ಸಾಲಾಗಿ ಮಲಗಬಹುದು! ಬಿ.ಸಿ. ರೋಡಿನಿಂದ ಮಂಗಳೂರಿನವರೆಗಿನ 25 ಕಿಲೋಮೀಟರಿಗೆ ಹೀಗೆ ಸಾಲು ಹಿಡಿಸಬೇಕೆಂದರೆ 1,600 ಕೋಟಿ ಬೇಕು. ಭೂಮಿಯ ಮೇಲಿರುವ ಪ್ರತಿಯೊಬ್ಬರ ಪಾಲಿಗೆ ಎರಡೆರಡು. ಇಷ್ಟಾದರೂ ಆ ಸಾಲಿನ ಒಟ್ಟು ತೂಕ ಒಂದು ಅಕ್ಕಿಕಾಳಿನಷ್ಟೂ ಇಲ್ಲ.

ಇದರ ವಾಹನ ಇಲಿಯ ಮೈಮೇಲಿನ ಚಿಗಟ. ಎರಡೂವರೆ ಮಿಲಿಮೀಟರಿನ ಈ ಪ್ರಾಣಿ ತನ್ನ ಮೈಯುದ್ದದ 50 ಪಟ್ಟಿಗೂ ಹೆಚ್ಚು ಎತ್ತರಕ್ಕೆ ಹಾರುತ್ತದೆ. ಐದಡಿಯ ಹುಡುಗಿಯೊಬ್ಬಳು ಅದೇ ಲೆಕ್ಕದಲ್ಲಿ ಹಾರಿದರೆ 250 ಅಡಿ. ಕಾರ್ಕಳದ 42 ಅಡಿಯ ಗೊಮ್ಮಟನ ಮೇಲೆ ಇನ್ನೂ ಐವರು ಗೊಮ್ಮಟರನ್ನು ನಿಲ್ಲಿಸಿದರೆ ಹೆಚ್ಚುಕಡಿಮೆ ಅಷ್ಟೆತ್ತರ!

ಲಂಡನ್ನಿನ ಈಸ್ಟ್ ಸ್ಮಿತ್‌ಫೀಲ್ಡ್‌ನಲ್ಲಿ 1348–49ರ ಪ್ಲೇಗಿಗೆ ಬಲಿಯಾದವರ ಸಾಮೂಹಿಕ ಸಮಾಧಿಯಿದೆ. ಅಲ್ಲಿನ ಹಲ್ಲುಗಳಿಂದ ವಿಜ್ಞಾನಿಗಳು ಈ ರೋಗಾಣುವಿನ ವಂಶವಾಹಿಯನ್ನು 2011ರಲ್ಲಿ ಓದಿದರು. 46 ಲಕ್ಷ ಅಕ್ಷರಗಳು, ಅಂದರೆ ಪುಟಕ್ಕೆ 1,500ರಂತೆ 3,000 ಪುಟಗಳ ಗ್ರಂಥ. ಈಗಿನ ಪ್ರತಿಯೊಡನೆ ಹೋಲಿಸಿದಾಗ ಸಿಕ್ಕ ವ್ಯತ್ಯಾಸ ನೂರರ ಒಳಗೆ. ಆರೂವರೆ ಶತಮಾನ ನಕಲಾಗಿಯೂ 30 ಪುಟಕ್ಕೆ ಒಂದೇ ಅಚ್ಚಿನ ತಪ್ಪು! ಇಷ್ಟು ಶುದ್ಧವಾದ ಪಠ್ಯಪುಸ್ತಕವನ್ನು ನಾನಂತೂ ಕಂಡಿಲ್ಲ.

ಇನ್ನು ಸಾವಿನ ಲೆಕ್ಕ. ಮಂಗಳೂರಿಗೂ ಪ್ಲೇಗ್ ಬಂದಿತ್ತು. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1902ರಲ್ಲಿ ಪ್ಲೇಗ್ ಆಸ್ಪತ್ರೆ ತೆರೆದರು. 1907ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸತ್ತವರು 12 ಲಕ್ಷಕ್ಕೂ ಹೆಚ್ಚು. ನಲವತ್ತು ನಿಮಿಷದ ಒಂದು ಪಿರಿಯಡ್‌ಗೆ 90 ಮಂದಿ. ಹಾಜರಿ ಕೂಗಿ ಮನೆಗೆಲಸ ಕೊಡುವಷ್ಟರಲ್ಲಿ ಎರಡು ತರಗತಿ ಖಾಲಿ.

ಇದು ಆಧುನಿಕ ಕಾಲದ್ದಾಯಿತು. 1347ರಿಂದ 1351ರವರೆಗೆ ಯೂರೋಪಿನಲ್ಲಿ ಸತ್ತವರು, ಕೈಬಿಗಿ ಹಿಡಿದು ಅಂದಾಜಿಸಿದರೂ ಎರಡೂವರೆ ಕೋಟಿ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಜನ 20.9 ಲಕ್ಷ, ಇಂಥ ಹನ್ನೆರಡು ಜಿಲ್ಲೆಗಳಲ್ಲಿ ಒಬ್ಬರೂ ಉಳಿಯದಷ್ಟು. ಪಿರಿಯಡ್‌ಗೆ 380 ಮಂದಿ, ಹಗಲೂ ರಾತ್ರಿ, ಐದು ವರ್ಷ, ಭಾನುವಾರದ ರಜೆಯೂ ಇಲ್ಲದೆ! ಐದು ಕೋಟಿ ಎನ್ನುವ ಇತಿಹಾಸಕಾರರೂ ಇದ್ದಾರೆ. ಅದು ನಿಜವಾದರೆ ಎಲ್ಲವನ್ನೂ ಇಮ್ಮಡಿ ಮಾಡಿಕೊಳ್ಳಿ.

ಈ ಪ್ಲೇಗನ್ನು ಕಣ್ಣಾರೆ ಕಂಡ ಒಬ್ಬಾತ ಮಂಗಳೂರನ್ನೂ ಕಂಡಿದ್ದ. ಇಬ್ನ್ ಬತೂತ 1340ರ ದಶಕದ ಆರಂಭದಲ್ಲಿ ನಮ್ಮ ಕರಾವಳಿಗೆ ಬಂದವನು. ಜೀವಮಾನದಲ್ಲಿ ಅವನು ಸುತ್ತಿದ ದೂರ ಸುಮಾರು 1,17,000 ಕಿಲೋಮೀಟರ್, ಭೂಮಿಗೆ ಮೂರು ಸುತ್ತು. 1348ರಲ್ಲಿ ಅವನು ಸಿರಿಯಾದಲ್ಲಿದ್ದ. ಹಿಮ್ಸ್ ಪಟ್ಟಣಕ್ಕೆ ಕಾಲಿಟ್ಟ ದಿನವೇ ಅಲ್ಲಿ ಸುಮಾರು 300 ಸಾವು. ಕೈರೋದಲ್ಲಿ ದಿನಕ್ಕೆ 24,000 ಎಂದು ಅವನು ಬರೆದಿದ್ದಾನೆ, ಅಂದರೆ ಗಂಟೆಗೆ ಸಾವಿರ. ಇಡೀ ಯೂರೋಪಿನ ಸರಾಸರಿಯನ್ನೂ ಒಂದೇ ಊರು ಮೀರಿಸಿತು ಎಂದರೆ ನಂಬುವುದು ಕಷ್ಟ. ಈ ಸಂಖ್ಯೆಗೆ ಅರ್ಧ ಅಂಕ ಕೊಟ್ಟರೆ ಸಾಕು. ಆಗಲೂ ಉಳಿಯುವುದು ಗಂಟೆಗೆ 500.

ಸತ್ತವರ ಜಾಗ ತುಂಬಲು ಹಿಡಿದ ಕಾಲ ಇನ್ನೂ ದೊಡ್ಡದು. 1348ರಲ್ಲಿ ಇಂಗ್ಲೆಂಡಿನಲ್ಲಿ 48 ಲಕ್ಷದಷ್ಟು ಜನರಿದ್ದರೆಂದು ಅಂದಾಜು. 1430ರಲ್ಲಿ ಮೂಡುಬಿದಿರೆಯಲ್ಲಿ ಸಾವಿರ ಕಂಬದ ಬಸದಿ ಎದ್ದಾಗ ಇಂಗ್ಲೆಂಡಿನಲ್ಲಿದ್ದವರು ಅದರ ಅರ್ಧಕ್ಕೂ ಕಡಿಮೆ. 1604ರಲ್ಲಿ ವೇಣೂರಿನಲ್ಲಿ ಗೊಮ್ಮಟ ನಿಂತ. 256 ವರ್ಷ, ಸುಮಾರು ಹತ್ತು ತಲೆಮಾರು ಕಳೆದಿತ್ತು. ಇಂಗ್ಲೆಂಡಿಗೆ ಇನ್ನೂ ಕೆಲವು ಲಕ್ಷ ಮಂದಿ ಕಡಿಮೆ ಬೀಳುತ್ತಿದ್ದರು.