ಗಣಕಯಂತ್ರ ಹೂಡಿದ ಚದುರಂಗದ ಸಮಸ್ಯೆ

ಚದುರಂಗವೆಂದೊಡನೆ ಎದುರುಬದುರು ಕುಳಿತ ಇಬ್ಬರು ನಮ್ಮ ಕಣ್ಣ ಮುಂದೆ ಬರುತ್ತಾರೆ. ಎದುರಾಳಿಯಿಲ್ಲದೆ ಒಬ್ಬರೇ ಕುಳಿತು ಬಿಡಿಸುವ ಚದುರಂಗವೂ ಉಂಟು. ಹಲಗೆಯ ಮೇಲೆ ಕೆಲವೇ ಕಾಯಿಗಳನ್ನಿಟ್ಟು, ಬಿಳಿಯರು ಮೊದಲು ನಡೆದು ಎರಡನೆಯ ನಡೆಗೆ ಕರಿಯ ರಾಜನನ್ನು ಕಟ್ಟಿಹಾಕಬೇಕೆಂದು ಒಗಟು ಹೂಡುತ್ತಾರೆ. ಇದನ್ನು ರಚಿಸುವುದು ಆಡುವುದಕ್ಕಿಂತ ಕಠಿಣವಾದ ವಿದ್ಯೆ. ಸರಿಯಾದ ಮೊದಲ ನಡೆ ಒಂದೇ ಇರಬೇಕು. ಮತ್ತೊಂದು ದಾರಿ ಕಂಡಿತೆಂದರೆ ರಚನೆಯೇ ಕೆಟ್ಟಂತೆ. ಕೆಲಸವಿಲ್ಲದ ಒಂದು ಕಾಲಾಳೂ ಅಲ್ಲಿ ನಿಲ್ಲಬಾರದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದು 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಬಂಧಗಳನ್ನು ರಚಿಸಿದ್ದು ಇದೇ ಬಗೆಯ ಅಭಿರುಚಿಯಿಂದ.

ಬಿಡಿಸುವ ಕೆಲಸವನ್ನು ಯಂತ್ರವು ಬಹು ಹಿಂದೆಯೇ ಕಲಿಯಿತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಡೀಟ್ರಿಖ್ ಪ್ರಿಂಟ್ಸ್ ಎಂಬವರು 1951ರಲ್ಲಿ ಎರಡು ನಡೆಗಳ ಸಮಸ್ಯೆಗಳನ್ನು ಗಣಕಯಂತ್ರದಿಂದ ಬಿಡಿಸಿದರು. ರಚಿಸುವುದು ಮಾತ್ರ ಬೇರೆ ಮಾತು. ಯಾವುದು ಚೆಲುವು ಎಂಬುದನ್ನು ಯಂತ್ರಕ್ಕೆ ತಿಳಿಸುವ ಬಗೆಯೆಂತು? ಮಲೇಷ್ಯಾದ ಅಜ್ಲಾನ್ ಇಕ್ಬಾಲ್ ಅವರು ಚೆಸ್ತೆಟಿಕಾ ಎಂಬ ತಮ್ಮ ಪ್ರೋಗ್ರಾಮಿನಲ್ಲಿ ಚೆಲುವಿಗೇ ಅಂಕಗಳನ್ನು ಗೊತ್ತುಮಾಡಿದರು. ದೊಡ್ಡ ಕಾಯಿಯನ್ನು ಬಲಿಗೊಟ್ಟು ಗೆದ್ದರೆ ಇಷ್ಟು, ಬಡಕಾಯಿಯಿಂದಲೇ ಗೆದ್ದರೆ ಇಷ್ಟು, ಹೀಗೆ. ಚೆಲುವನ್ನು ತಕ್ಕಡಿಯಲ್ಲಿ ತೂಗುವ ಈ ಧೈರ್ಯವನ್ನು ನಾವು ಮೆಚ್ಚಲೇಬೇಕು.

2025ರಲ್ಲಿ ಗೂಗಲ್ ಡೀಪ್‌ಮೈಂಡಿನ ಸಂಶೋಧಕರು ಬೇರೊಂದು ಹಾದಿ ಹಿಡಿದರು. ಈಗಾಗಲೇ ಇರುವ ಅಸಂಖ್ಯ ಸಮಸ್ಯೆಗಳನ್ನು ಯಂತ್ರಕ್ಕೆ ಓದಿಸಿ, ಆ ಬಳಿಕ ಉತ್ತರ ಒಂದೇ ಇದ್ದು ಎಣಿಕೆಗೆ ಮೀರಿದ ನಡೆ ಅಡಗಿದ್ದರೆ ಬಹುಮಾನವೆಂದು ಪಳಗಿಸಿದರು. ಮೊದಲು ನೂರಕ್ಕೆ 0.22ರಷ್ಟಿದ್ದ ಅಂಥ ಸಮಸ್ಯೆಗಳು 2.5ಕ್ಕೇರಿದವು. ಬೆಳವಣಿಗೆ ಹತ್ತು ಪಟ್ಟೇನೋ ನಿಜ. ಆದರೂ ನೂರರಲ್ಲಿ ತೊಂಬತ್ತೇಳು ಜೊಳ್ಳು! ಕಾಳನ್ನು ಆರಿಸಿ ಪುಸ್ತಿಕೆ ಮಾಡಿ, ಅವ್ನಿ, ಲೆವಿಟ್, ಸ್ಯಾಡ್ಲರ್ ಎಂಬ ಮೂವರು ನುರಿತವರ ಮುಂದಿಟ್ಟರು. ಅವರು ತಲೆದೂಗಿದರು.

ಹಾಗಾದರೆ ರಚಿಸಿದವರಾರು? ಯಂತ್ರದ ದುಡಿಮೆಗೆ ದಣಿವೆಂಬುದಿಲ್ಲ. ಆದರೆ ಶರಣರ ಮಾತಿನ ಕಾಯಕಕ್ಕೆ ದುಡಿಮೆಯೊಂದೇ ಸಾಲದು. ಅರಿವೂ ಬೇಕು, ಅರ್ಪಿಸುವ ಮನಸ್ಸೂ ಬೇಕು. ಜೊಳ್ಳು ಯಾವುದು, ಕಾಳು ಯಾವುದೆಂದು ಕಂಡು ಹಿಗ್ಗಿದವರು ಮನುಷ್ಯರೇ. ಆ ಹಿಗ್ಗು ಯಂತ್ರಕ್ಕೆ ಬಂದಿತೆಂದು ನಾವು ಒಪ್ಪಲಾರೆವು. ಬಿಡಿಸುವ ಬಾಲಕನ ಸಂತೋಷವೇನೂ ಇದರಿಂದ ಸುಳ್ಳಾಗದು. ನಮ್ಮ ಚಿಂತೆ ಬೇರೆ: ಕ್ಷಣಕ್ಕೊಂದು ಸಮಸ್ಯೆ ಉದುರುವಾಗ, ಒಂದೇ ರಚನೆಗಾಗಿ ತಿಂಗಳುಗಟ್ಟಲೆ ಕಾಯಿ ಸರಿಸುತ್ತ ಕೂರುವವರು ಮುಂದೆಯೂ ಹುಟ್ಟುವರೇ?

ಮನೆಯ ಮಕ್ಕಳಿಗೆ ಈ ರುಚಿ ಹತ್ತಿಸಬಯಸುವ ತಾಯಿತಂದೆಗಳು ಎರಡು ನಡೆಗಳ ಸಮಸ್ಯೆಯಿಂದಲೇ ತೊಡಗಬಹುದು. ಒಳ್ಳೆಯ ರಚನೆಯಲ್ಲಿ ಮೊದಲ ನಡೆಯೇ ರಾಜನಿಗೆ ಚೆಕ್ ಕೊಡುವುದು ಅಪರೂಪ. ಇಷ್ಟು ಸುಳಿವು ಕೊಟ್ಟು ಸುಮ್ಮನಿರಬೇಕು.