ಕೆಚ್ಚಿನೊಳಗಿನ ರಸಾಯನ: ಎರೆಸೀಮೆಯ ಜಾಲಿ ಮತ್ತು ಬಡಿಗರ ಅರಿವು

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಎರೆಭೂಮಿಗೆ ಮಲೆನಾಡಿನ ಹೆಮ್ಮರಗಳ ಭಾಗ್ಯವಿಲ್ಲದ ಕಾರಣ, ಶರಣೆ ಭೀಮಾಂಬಿಕೆಯ ನೆಲೆಯಾದ ಇಟಗಿಯಂತಹ ಊರುಗಳ ಒಕ್ಕಲುತನ ನೆಚ್ಚಿಕೊಂಡಿದ್ದು ಹೊಲದ ಬದುವಿನಲ್ಲಿಯೂ ಹಳ್ಳದ ದಂಡೆಯಲ್ಲಿಯೂ ತಾನಾಗಿ ಬೆಳೆಯುವ ಕರಿಜಾಲಿಯನ್ನು. ಚಕ್ಕಡಿಯ ಗಾಲಿ, ರಂಟೆ, ಕುಂಟೆ, ಕೂರಿಗೆಗಳಿಗೆ ಎರೆಸೀಮೆಯ ಬಡಿಗರು ಈ ಮರವನ್ನು ಆರಿಸಿಕೊಂಡದ್ದಕ್ಕೆ ಅದರ ಗಟ್ಟಿತನವಷ್ಟೇ ಅಲ್ಲ, ಅದರೊಳಗಿನ ರಸಾಯನವೂ ಕಾರಣವಾಗಿದೆ.

ಕಾಂಡದ ಹೊರಭಾಗದ ಬಿಳಿಚೆಕ್ಕೆಯಲ್ಲಿ ಜೀವಕೋಶಗಳು ಇನ್ನೂ ಬದುಕಿದ್ದು, ಸಕ್ಕರೆಯನ್ನೂ ಪಿಷ್ಟವನ್ನೂ ಕೂಡಿಟ್ಟುಕೊಂಡಿರುತ್ತವೆ. ಒಳಭಾಗದ ಕೋಶಗಳು ಸಾಯುವ ಮುನ್ನ ಆ ಆಹಾರವನ್ನು ಬಣ್ಣ, ಒಗರು, ಪರಿಮಳಗಳುಳ್ಳ ಬೇರೆ ಸಂಯುಕ್ತಗಳಾಗಿ ಮಾರ್ಪಡಿಸಿ ಅಲ್ಲಿಯೇ ತುಂಬುವುದರಿಂದ ಕೆಚ್ಚು ಹುಟ್ಟುತ್ತದೆ. ಮರದ ಮೈಕಟ್ಟಾದ ಸೆಲ್ಯುಲೋಸ್ ಮತ್ತು ಲಿಗ್ನಿನ್‌ಗಳನ್ನು ಕೆಡಿಸದೆ ನೀರು, ಆಲ್ಕೋಹಾಲ್ ಮೊದಲಾದ ದ್ರಾವಕಗಳಿಂದ ಹೊರತೆಗೆಯಬಹುದಾದ ಇಂತಹ ಸಂಯುಕ್ತಗಳನ್ನು ಸಾರವಸ್ತುಗಳೆನ್ನಬಹುದು. ಧೈರ್ಯವಂತನನ್ನು ಕೆಚ್ಚೆದೆಯವನೆಂದು ಕರೆದ ಕನ್ನಡ, ಮರದ ಬಾಳಿಕೆ ಇರುವುದೆಲ್ಲಿ ಎಂಬುದನ್ನು ಬಲ್ಲದು.

ಜಾಲಿಯ ಮುಖ್ಯ ಸಾರವಸ್ತು ಟ್ಯಾನಿನ್, ಅಂದರೆ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳನ್ನು ಬಿಗಿಗೊಳಿಸುವ ಒಗರುವಸ್ತು. ತೊಗಟೆಯಲ್ಲಿ ಅದು ಹೇರಳವಾಗಿರುವುದರಿಂದಲೇ ಚರ್ಮ ಹದಮಾಡುವವರು ಜಾಲಿಚಕ್ಕೆಯನ್ನು ಬಳಸಿದರು. ಚರ್ಮದ ಪ್ರೋಟೀನನ್ನು ಕಟ್ಟಿಹಾಕುವ ಅದೇ ಗುಣ, ಮರವನ್ನು ಜೀರ್ಣಿಸಿಕೊಳ್ಳಲು ಶಿಲೀಂಧ್ರಗಳು ಸ್ರವಿಸುವ ಕಿಣ್ವಗಳನ್ನೂ ಕುಂಠಿತಗೊಳಿಸುತ್ತದೆ. ಒದ್ದೆಯಾದ ಜಾಲಿಮರದಲ್ಲಿ ಕಬ್ಬಿಣದ ಮೊಳೆಯ ಸುತ್ತ ಕಪ್ಪುಕಲೆ ಮೂಡುವುದು ಕೊಳೆತದ್ದರಿಂದಲ್ಲ, ಟ್ಯಾನಿನ್ ಕಬ್ಬಿಣದೊಡನೆ ಕೂಡಿದ್ದರಿಂದ. ಹಿಂದೆ ಬರೆಯುವ ಮಸಿಯನ್ನು ತಯಾರಿಸುತ್ತಿದ್ದುದೂ ಇದೇ ಕ್ರಿಯೆಯಿಂದ.

ಬಿಳಿಚೆಕ್ಕೆಗೆ ಮಾತ್ರ ಈ ರಕ್ಷಣೆಯಿಲ್ಲ. ಅದರಲ್ಲಿನ ಪಿಷ್ಟವನ್ನು ಅರಸಿ ಬರುವ ಹುಳು ಮರವನ್ನು ಹಿಟ್ಟುಮಾಡುವುದರಿಂದ, ಕಡಿದ ಜಾಲಿಯ ದಿಮ್ಮಿಗಳನ್ನು ವಾರಗಟ್ಟಲೆ ಕೆರೆಯ ನೀರಿನಲ್ಲಿ ಮುಳುಗಿಸಿಡುವ ರೂಢಿ ಬೆಳೆಯಿತು. ಸಕ್ಕರೆ ನೀರಿಗೆ ಕರಗಿ, ಪಿಷ್ಟ ಸೂಕ್ಷ್ಮಜೀವಿಗಳ ಪಾಲಾದ ಮೇಲೆ ಹುಳುವಿಗೆ ಅಲ್ಲಿ ಆಹಾರ ಉಳಿಯುವುದಿಲ್ಲ. ಪ್ರಯೋಗಾಲಯವಿಲ್ಲದೆ ಮೂಡಿದ ಈ ಅರಿವು ಯಾವ ಶಾಸ್ತ್ರಕ್ಕೂ ಕಡಿಮೆಯದಲ್ಲ.

ಸಾರವಸ್ತುಗಳ ಕೆಲಸ ಜಾಲಿಗಷ್ಟೇ ಸೀಮಿತವಲ್ಲ. ಸಾಗುವಾನಿಯ ಕೆಚ್ಚಿನಲ್ಲಿರುವ ಟೆಕ್ಟೋಕ್ವಿನೋನ್ ಗೆದ್ದಲನ್ನು ದೂರವಿಡುತ್ತದೆ; ಶ್ರೀಗಂಧದ ಪರಿಮಳಕ್ಕೆ ಸ್ಯಾಂಟಲಾಲ್ ಕಾರಣ. 1938ರಲ್ಲಿ ಬೆಂಗಳೂರಿನಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾಗಿ, 1988ರಲ್ಲಿ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾದ ಮಲ್ಲೇಶ್ವರದ ಕೇಂದ್ರ ಇಂತಹ ಅಧ್ಯಯನಗಳಿಗೆ ನೆಲೆಯಾಗಿದೆ. ಆದರೆ ಶ್ರೀಗಂಧ ಪಡೆದ ಗೌರವವನ್ನು ನಾಡು ಜಾಲಿಗೆ ಸಲ್ಲಿಸಲಿಲ್ಲವೆನ್ನುವುದು ನೋವಿನ ಸಂಗತಿ.

ಟ್ರ್ಯಾಕ್ಟರು, ಕಬ್ಬಿಣದ ಕೂರಿಗೆಗಳು ಬಂದ ಬಳಿಕ ಬಡಿಗರ ಕೆಲಸ ಕುಗ್ಗಿದೆ. ಬಯಲುಸೀಮೆಯ ಬೀಳುಭೂಮಿಗಳಲ್ಲಿ ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿ ಹಬ್ಬಿದೆ. ಅದರ ಕೆಚ್ಚಿನಲ್ಲಿಯೂ ಮೆಸ್ಕ್ವಿಟಾಲ್ ಎಂಬ ಸಾರವಸ್ತು ಸಮೃದ್ಧವಾಗಿದ್ದು, ಆಮ್ಲಜನಕದಿಂದಾಗುವ ಕೆಡುಕನ್ನು ತಡೆಯುವ ಗುಣ ಅದಕ್ಕಿರುವುದು ಪರೀಕ್ಷೆಗಳಿಂದ ತಿಳಿದಿದೆ. ಆದರೂ ಆ ಮರ ಹೆಚ್ಚಾಗಿ ಸೇರುವುದು ಒಲೆಯನ್ನು, ಇಲ್ಲವೇ ಇದ್ದಿಲಿನ ಗುಂಡಿಯನ್ನು.